ನಿಧಾನವಾದರೆ ಬೈಕ್ ಬೀಳುತ್ತದೆಯೇ?

ಬೈಕ್ ಕಲಿಯುವವರಿಗೆ ಎಲ್ಲೆಡೆ ಸಿಗುವ ಮೊದಲ ಉಪದೇಶ ಒಂದೇ: ಹೆದರಬೇಡ, ಸ್ವಲ್ಪ ಸ್ಪೀಡ್ ಕೊಡು, ಬ್ಯಾಲೆನ್ಸ್ ತಾನಾಗಿ ಬರುತ್ತದೆ. ಧಾರವಾಡದ ಮೈದಾನಕ್ಕೂ ನೈರೋಬಿಯ ಮೈದಾನಕ್ಕೂ ಈ ನಂಬಿಕೆಯಲ್ಲಿ ವ್ಯತ್ಯಾಸವಿಲ್ಲ. ಆದರೆ ನೈರೋಬಿಯಂಥ ಊರಿನಲ್ಲಿ ಅದಕ್ಕೆ ತೆರಬೇಕಾದ ಬೆಲೆ ಹೆಚ್ಚು. 2008ರಲ್ಲಿ ಕೀನ್ಯಾ ಸರ್ಕಾರ 250 ಸಿಸಿಗಿಂತ ಚಿಕ್ಕ ಬೈಕುಗಳ ಮೇಲಿನ ವ್ಯಾಟ್ ತೆಗೆದ ಮೇಲೆ ಬೋಡಾ ಬೋಡಾ ಎಂಬ ಬಾಡಿಗೆ ಬೈಕು ಆ ನಗರದ ದಿನಚರಿಯಲ್ಲೇ ಸೇರಿಹೋಯಿತು. ಅಲ್ಲಿ ಎದುರಾಗುವ ಬೈಕುಗಳಲ್ಲಿ ಎಷ್ಟೋ ನಮಗೆ ಗೊತ್ತಿರುವವೇ, ಬಜಾಜ್ ಬಾಕ್ಸರ್ ಮತ್ತು ಟಿವಿಎಸ್. ನೆಲವೂ ಕನ್ನಡಿಗರಿಗೆ ಅಪರಿಚಿತವಲ್ಲ. ನಗರದ ಉತ್ತರ, ಪಶ್ಚಿಮಕ್ಕೆ ಕೆಂಪು ಮಣ್ಣು. ದಕ್ಷಿಣ, ಪೂರ್ವದ ಬಯಲಿಗೆ ಇಳಿದರೆ ವಿಜಯಪುರದ ಕಡೆ ಇರುವಂಥ ಎರೆಮಣ್ಣು. ಮಾರ್ಚ್‌ನಿಂದ ಮೇ ತನಕದ ದೊಡ್ಡ ಮಳೆಯಲ್ಲೂ ಅಕ್ಟೋಬರ್‌ನಿಂದ ಡಿಸೆಂಬರ್ ತನಕದ ಸಣ್ಣ ಮಳೆಯಲ್ಲೂ ಆ ಮಣ್ಣು ಟಯರಿಗೆ ಮೆತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿ, ಚಕ್ರವನ್ನೇ ಕಚ್ಚಿ ಹಿಡಿಯುತ್ತದೆ. ಅಲ್ಲಿ ಸ್ಪೀಡ್ ಕೊಡುವ ಮಾತೇ ಇಲ್ಲ. ಸ್ಪೀಡ್ ಇಲ್ಲದೆಯೂ ಬೈಕನ್ನು ನೇರ ಇಟ್ಟುಕೊಳ್ಳುವ ವಿದ್ಯೆಯೊಂದಿದೆ. ಅದು ಟ್ರಯಲ್ಸ್ ಸವಾರರ ವಿದ್ಯೆ. ಅದರ ಮೊದಲ ಪಾಠವೆಂದರೆ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ನಡಿಗೆಯ ವೇಗದಲ್ಲಿ, ಹ್ಯಾಂಡಲ್ ಪೂರ್ತಿ ತಿರುಗಿಸಿ ಸುತ್ತು ಹೊಡೆಯುವುದು. ಅದು ಯಾವ ಹೊಸಬರಿಗಾದರೂ ದಕ್ಕುತ್ತದೆ, ದಕ್ಕದಂತೆ ಮಾಡಿರುವುದು ಕೆಲವು ತಪ್ಪು ತಿಳಿವಳಿಕೆಗಳು ಎಂಬುದು ನನ್ನ ವಾದ.

ಟ್ರಯಲ್ಸ್ ಎಂದರೆ ಮನೆಯೆತ್ತರದ ಬಂಡೆಗೆ ಬೈಕ್ ಹಾರಿಸುವ ಸಾಹಸ ಎಂದು ಹಲವರು ತಿಳಿದಿದ್ದಾರೆ. 2007ರಿಂದ ವರ್ಷ ವರ್ಷವೂ ವಿಶ್ವ ಪ್ರಶಸ್ತಿಯನ್ನು ಬಿಡದೆ ಗೆಲ್ಲುತ್ತ ಬಂದ ಸ್ಪೇನಿನ ಟೋನಿ ಬೋವ್ ಅವರ ವಿಡಿಯೊ ನೋಡಿದವರು ಹಾಗೆ ತಿಳಿದರೆ ತಪ್ಪೇನಿಲ್ಲ. ಆದರೆ ಆಟದ ನಿಯಮ ನೋಡಿ. ಗುರುತು ಮಾಡಿದ ಕಷ್ಟದ ದಾರಿಯಲ್ಲಿ ಒಮ್ಮೆ ಕಾಲು ನೆಲಕ್ಕೆ ತಾಗಿದರೆ 1 ಅಂಕ ದಂಡ, ಎರಡು ಸಲ ತಾಗಿದರೆ 2, ಅದಕ್ಕಿಂತ ಹೆಚ್ಚಾದರೆ 3, ಬಿದ್ದರೆ ಅಥವಾ ದಾರಿ ತಪ್ಪಿದರೆ 5. ಕಾಲೂರದೆ ದಾಟಿದವರಿಗೆ ಸೊನ್ನೆ, ಸೊನ್ನೆಯೇ ಶ್ರೇಷ್ಠ. ಯಾರು ಮೊದಲು ಮುಟ್ಟಿದರು ಎಂಬುದಕ್ಕೆ ಇಲ್ಲಿ ಬಹುಮಾನವಿಲ್ಲ. 1909ರಲ್ಲಿ ಮೊದಲಾದ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್‌ನಿಂದ ಇಂದಿನ ವಿಶ್ವ ಚಾಂಪಿಯನ್‌ಷಿಪ್‌ವರೆಗೂ ಆಟದ ತಿರುಳು ಹತೋಟಿಯೇ. ಹಾರುವುದು ಈ ವಿದ್ಯೆಯ ಕೊನೆಯ ಅಧ್ಯಾಯ. ಹೊಸಬರು ಅಲ್ಲಿಂದ ಶುರು ಮಾಡಲು ಹೋಗಿ ಕೈಕಾಲು ಮುರಿದುಕೊಳ್ಳುತ್ತಾರೆ, ಇಲ್ಲವೇ ಇದು ನಮ್ಮ ಪಾಲಿಗಲ್ಲ ಎಂದು ಬಿಟ್ಟುಬಿಡುತ್ತಾರೆ.

ಈಗ ಬೇರಿನ ನಂಬಿಕೆಗೆ ಬರೋಣ. ಚಕ್ರ ವೇಗವಾಗಿ ತಿರುಗುವಾಗ ಹುಟ್ಟುವ ಗೈರೊ ಬಲವೇ ಬೈಕನ್ನು ನಿಲ್ಲಿಸುತ್ತದೆ, ಆದ್ದರಿಂದ ನಿಧಾನವಾದರೆ ಬೀಳಲೇಬೇಕು ಎಂದು ಪಾಠ ಹೇಳುವವರೂ ಇದ್ದಾರೆ. ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು ಪರೀಕ್ಷಿಸಿ 1970ರಲ್ಲಿ ಪ್ರಕಟಿಸಿದರು. ಸೈಕಲ್ಲಿನ ಮುಂಗಾಲಿಯ ಪಕ್ಕದಲ್ಲಿ ವಿರುದ್ಧ ದಿಕ್ಕಿಗೆ ತಿರುಗುವ ಇನ್ನೊಂದು ಗಾಲಿ ಕೂರಿಸಿ ಅವರು ಗೈರೊ ಬಲವನ್ನು ಇಲ್ಲವಾಗಿಸಿದರು. ಕೈಬಿಟ್ಟು ಓಡಿಸುವುದು ಕಷ್ಟವಾಯಿತೇ ಹೊರತು ಹ್ಯಾಂಡಲ್ ಹಿಡಿದವರಿಗೆ ಸೈಕಲ್ ಎಂದಿನಂತೆಯೇ ನಡೆಯಿತು. 2011ರಲ್ಲಿ ನೆದರ್‌ಲೆಂಡ್ಸ್ ಮತ್ತು ಅಮೆರಿಕದ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೂ ಮುಂದೆ ಹೋದರು: ಗೈರೊ ಬಲವೂ ಇಲ್ಲದ, ಮುಂಗಾಲಿ ತಾನೇ ನೇರವಾಗುವ ಜೋಡಣೆಯೂ ಇಲ್ಲದ ದ್ವಿಚಕ್ರಿ ಕೂಡ ಸವಾರನಿಲ್ಲದೆ ನೆಟ್ಟಗೆ ಸಾಗಬಲ್ಲದು ಎಂದು ಮಾಡಿ ತೋರಿಸಿದರು. ಬೈಕನ್ನು ನಿಲ್ಲಿಸುವ ಮುಖ್ಯ ಕೆಲಸವೆಂದರೆ ಅದು ವಾಲಿದ ಕಡೆಗೆ ಚಕ್ರವನ್ನು ತಿರುಗಿಸಿ, ಗಾಲಿಗಳನ್ನು ಮತ್ತೆ ಭಾರದ ಅಡಿಗೆ ತರುವುದು. ವೇಗವಿದ್ದಾಗ ಕೂದಲೆಳೆಯಷ್ಟು ತಿರುಗಿಸಿದರೂ ಸಾಕು, ಬಹುಪಾಲು ಬೈಕೇ ಮಾಡಿಕೊಳ್ಳುತ್ತದೆ. ನಿಧಾನವಾದಾಗ ಅದೇ ಕೆಲಸಕ್ಕೆ ಹ್ಯಾಂಡಲನ್ನು ಹೆಚ್ಚು ತಿರುಗಿಸಬೇಕು, ಜೊತೆಗೆ ಮೈಯ ಭಾರವನ್ನೂ ಸರಿಸಬೇಕು. ಆ ಕೆಲಸವನ್ನು ಸವಾರ ಕೈಗೆತ್ತಿಕೊಂಡರೆ ಬೈಕ್ ಬೀಳಬೇಕಾಗಿಲ್ಲ. ಸ್ಪೀಡ್ ಕೊಟ್ಟು ಕಲಿತವರು ಅದನ್ನು ಕಲಿತೇ ಇರುವುದಿಲ್ಲ.

ನೈರೋಬಿಯ ಬೋಡಾ ಸವಾರರು ದಿನವಿಡೀ ಜಾಮ್‌ನಲ್ಲಿ ನುಸುಳುತ್ತಾರಲ್ಲ, ನಿಧಾನದ ಸವಾರಿ ಅವರಿಗೆ ಗೊತ್ತಿಲ್ಲವೇ ಎಂದು ಯಾರಾದರೂ ಕೇಳಬಹುದು. ಅವರಲ್ಲಿ ನುರಿತವರು ಖಂಡಿತ ಇದ್ದಾರೆ. ಆದರೆ ಸಾಮಾನ್ಯವಾಗಿ ನಡೆಯುವುದು ಬೇರೆ. ವೇಗ ಇಳಿದ ಕೂಡಲೇ ಎರಡೂ ಕಾಲುಗಳು ಕೆಳಗಿಳಿದು ನೆಲ ತಡವುತ್ತ ಸಾಗುತ್ತವೆ. ಇದೇ ಸುರಕ್ಷಿತ ಎಂಬ ನಂಬಿಕೆ ನಮ್ಮಲ್ಲೂ ಗಟ್ಟಿಯಾಗಿದೆ. ಇದನ್ನು ನಾನು ಎಲ್ಲಕ್ಕಿಂತ ಅಪಾಯದ ತಪ್ಪು ಎಂದು ಎಣಿಸುತ್ತೇನೆ. ಹಿಂದಿನ ಬ್ರೇಕ್ ಇರುವುದು ಬಲಗಾಲಿನ ಅಡಿಯಲ್ಲಿ. ಕಾಲು ನೆಲಕ್ಕೆ ಇಳಿದ ಕ್ಷಣ ಸವಾರನ ಬಳಿ ಉಳಿಯುವುದು ಮುಂದಿನ ಬ್ರೇಕ್ ಒಂದೇ. ಹ್ಯಾಂಡಲ್ ತಿರುಗಿರುವಾಗ, ಕೆಸರಿನಲ್ಲಿ ಅಥವಾ ಜಲ್ಲಿಯ ಮೇಲೆ, ನಿಧಾನವಾಗಿ ಹೋಗುತ್ತ ಮುಂದಿನ ಬ್ರೇಕ್ ಅದುಮಿದರೆ ಬೈಕ್ ಒಳಗಡೆಗೆ ಧೊಪ್ಪೆಂದು ಮಗುಚುತ್ತದೆ. ಆಗ ಅದರ ಅಡಿಗೆ ಸಿಕ್ಕಿಕೊಳ್ಳುವುದು, ಆಸರೆಗೆಂದು ಚಾಚಿದ ಅದೇ ಕಾಲು. ಫುಟ್‌ರೆಸ್ಟ್ ಮೇಲೇ ಇರುವ ಕಾಲು ಹಿಂದಿನ ಬ್ರೇಕನ್ನು ಹಗುರಾಗಿ ಒತ್ತಿಕೊಂಡಿರಬಲ್ಲದು, ಭಾರವನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಬಲ್ಲದು. ಟ್ರಯಲ್ಸ್ ಆಟ ಕಾಲೂರಿದ್ದಕ್ಕೆ ದಂಡ ಹಾಕುವುದೂ ಈ ಅನುಭವಕ್ಕೆ ಹೊಂದುತ್ತದೆ.

ಎದ್ದು ನಿಲ್ಲುವುದರ ಬಗ್ಗೆ ಎರಡು ತಪ್ಪುಗಳಿವೆ, ಎರಡನೆಯದು ಕಲಿಸುವವರದು. ನಿಂತರೆ ಭಾರ ಮೇಲೇರಿ ಬೈಕ್ ಬೇಗ ಬೀಳುತ್ತದೆ ಎಂದು ಹೊಸಬರು ಹೆದರುತ್ತಾರೆ. ಇಲ್ಲ, ನಿಂತರೆ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ, ಏಕೆಂದರೆ ಭಾರವೆಲ್ಲ ಫುಟ್‌ರೆಸ್ಟಿಗೆ ಬೀಳುತ್ತದೆ ಎಂದು ತರಬೇತುದಾರರು ಸಮಾಧಾನ ಹೇಳುತ್ತಾರೆ. ಸಮಾಧಾನ ತಪ್ಪು. ದೇಹ ಮೇಲೆ ಹೋದರೆ ಬೈಕ್ ಮತ್ತು ಸವಾರ ಸೇರಿದ ಗುರುತ್ವ ಕೇಂದ್ರವೂ ಮೇಲೆಯೇ ಹೋಗುತ್ತದೆ, ಒತ್ತಡ ಎಲ್ಲಿ ಬಿದ್ದರೂ ಇದು ಬದಲಾಗದು. ಆದರೆ ಹೆದರಿಕೆಯೂ ತಪ್ಪು. ಅಂಗೈ ಮೇಲೆ ಪೆನ್ಸಿಲ್ ನಿಲ್ಲಿಸುವುದಕ್ಕಿಂತ ಉದ್ದನೆಯ ಕೋಲು ನಿಲ್ಲಿಸುವುದು ಸುಲಭ. ಭಾರ ಎತ್ತರದಲ್ಲಿದ್ದಷ್ಟೂ ಅದು ನಿಧಾನವಾಗಿ ವಾಲುತ್ತದೆ, ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಮೊಣಕಾಲಿನದು. ಸೀಟಿನಲ್ಲಿ ಕೂತವರ ಸೊಂಟವೂ ಬೈಕೂ ಒಂದೇ ತುಂಡಾಗಿ ಅಲ್ಲಾಡುತ್ತವೆ. ನಿಂತು ಮೊಣಕಾಲು ಸ್ವಲ್ಪ ಮಡಿಸಿದವರ ಕೆಳಗೆ ಬೈಕ್ ಎಡಕ್ಕೂ ಬಲಕ್ಕೂ ವಾಲಾಡಬಹುದು, ಮೈ ಮಾತ್ರ ಇದ್ದಲ್ಲೇ ಇರುತ್ತದೆ. ಕೊರಕಲು ಬಂದಾಗ ಏಟು ಬೆನ್ನಿಗೆ ಬೀಳದೆ ಕಾಲಿನಲ್ಲೇ ಕರಗುತ್ತದೆ.

ತಿರುವಿನಲ್ಲಿ ಬೈಕಿನ ಜೊತೆ ನಾವೂ ವಾಲಬೇಕು ಎಂಬುದು ಹೆದ್ದಾರಿಯ ಪಾಠ. ನಡಿಗೆಯ ವೇಗದಲ್ಲಿ ಅದು ತಲೆಕೆಳಗಾಗುತ್ತದೆ. ಲೆಕ್ಕ ಸರಳ. ಗಂಟೆಗೆ 5 ಕಿ.ಮೀ. ವೇಗದಲ್ಲಿ 2 ಮೀಟರ್ ತ್ರಿಜ್ಯದ ಸುತ್ತು ಹಾಕಲು ಒಟ್ಟು ಭಾರ ಒಳಗಡೆಗೆ ವಾಲಬೇಕಾದದ್ದು 6 ಡಿಗ್ರಿಗಿಂತ ಕಡಿಮೆ. ಆದರೆ ಬೈಕ್ ಅಷ್ಟು ಚಿಕ್ಕ ಸುತ್ತಿನಲ್ಲಿ ಸಲೀಸಾಗಿ ತಿರುಗಬೇಕಾದರೆ ಅದಕ್ಕಿಂತ ಎಷ್ಟೋ ಹೆಚ್ಚು ವಾಲಬೇಕು. ಆ ಹೆಚ್ಚುವರಿ ವಾಲನ್ನು ಸರಿದೂಗಿಸುವುದು ಸವಾರನ ದೇಹ: ಬೈಕ್ ಒಳಗೆ, ಮೈ ಹೊರಗೆ. ಬಲಕ್ಕೆ ತಿರುಗುವಾಗ ಎಡಗಾಲಿನ ಮೇಲೆ ಭಾರ ಹಾಕಿ, ಸೊಂಟವನ್ನು ಎಡಕ್ಕೆ ಸರಿಸಿ, ಬೈಕನ್ನು ಬಲಕ್ಕೆ ವಾಲಲು ಬಿಡಬೇಕು. ಕಣ್ಣು ಮುಂಗಾಲಿಯ ಮೇಲಿರದೆ ಸುತ್ತಿನ ಮುಂದಿನ ಕಾಲು ಭಾಗದ ಮೇಲಿರಬೇಕು. ಕಣ್ಣು ಹೋದತ್ತ ಭುಜವೂ, ಭುಜ ಹೋದತ್ತ ಹ್ಯಾಂಡಲ್ಲೂ ಹೋಗುತ್ತವೆ. ಹೊಸಬರಿಗೆ ಒಂದು ಬದಿ ಬೇಗ ಒಲಿದು ಇನ್ನೊಂದು ಬದಿ ಹಟ ಮಾಡುವುದು ಸಹಜ. ಹಟ ಮಾಡುವ ಬದಿಗೇ ಹೆಚ್ಚು ಹೊತ್ತು ಕೊಡಬೇಕು.

ಇಷ್ಟು ನಿಧಾನಕ್ಕೆ ಎಂಜಿನ್ ನಿಂತುಹೋಗದೇ ಎಂದರೆ, ಅದಕ್ಕೇ ಕ್ಲಚ್ ಇರುವುದು. ಆಕ್ಸಲರೇಟರ್ ಐಡಲ್‌ಗಿಂತ ತುಸು ಮೇಲೆ ಅಲ್ಲಾಡದೆ ಇರಬೇಕು, ಹಿಂದಿನ ಬ್ರೇಕ್ ತುಸು ತಾಗಿರಬೇಕು, ವೇಗ ಏರಿಳಿಯುವುದು ಹಾಫ್ ಕ್ಲಚ್‌ನ ಎರಡು ಬೆರಳಿನಲ್ಲಿ. ಹಾಫ್ ಕ್ಲಚ್‌ನಲ್ಲಿ ಓಡಿಸಿದರೆ ಪ್ಲೇಟ್ ಸುಟ್ಟುಹೋಗುತ್ತದೆ ಎಂಬ ಮೆಕ್ಯಾನಿಕ್‌ಗಳ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಹೆಚ್ಚು ರೇಸ್ ಕೊಟ್ಟು ಕ್ಲಚ್ ಜಾರಿಸಿದರೆ ನಿಜಕ್ಕೂ ಸುಡುತ್ತದೆ. ಆದರೆ ಈ ಬೈಕುಗಳ ಕ್ಲಚ್ ಪ್ಲೇಟುಗಳು ಆಯಿಲ್‌ನಲ್ಲಿ ನೆನೆದಿರುತ್ತವೆ. ಐಡಲ್ ಆಸುಪಾಸಿನ ಕಡಿಮೆ ಶಕ್ತಿಯಲ್ಲಿ, ನಡುನಡುವೆ ಎಂಜಿನ್ ಆರಲು ಬಿಟ್ಟು, ಕಾಲು ಗಂಟೆ ಅಭ್ಯಾಸ ಮಾಡುವುದನ್ನು ಅವು ತಡೆದುಕೊಳ್ಳುತ್ತವೆ. ಕಾರಿನ ಆಯಿಲ್ ಮಾತ್ರ ಹಾಕಬೇಡಿ, ಜಾಸೊ ಎಂಎ ದರ್ಜೆಯ ಬೈಕ್ ಆಯಿಲ್ ಇರಲಿ. ನೈರೋಬಿಯ ಎತ್ತರದಲ್ಲಿ ಬೈಕಿಗೆ ಪಿಕಪ್ ಇಲ್ಲ, ಇಂಥದ್ದೆಲ್ಲ ಕಡಲತೀರದ ಮೊಂಬಾಸಾದ ಬಯಲಿಗೆ ಸರಿ ಎನ್ನುವವರಿಗೂ ಉತ್ತರ ಇದೇ. ನಗರ 1,700 ಮೀಟರಿಗೂ ಎತ್ತರದಲ್ಲಿದೆ, ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಐದರಲ್ಲೊಂದು ಪಾಲಿನಷ್ಟು ಕಡಿಮೆ, ಎಂಜಿನ್ನಿನ ಶಕ್ತಿಯೂ ಅಷ್ಟೇ ಕುಗ್ಗುತ್ತದೆ. ಆದರೆ ನಡಿಗೆಯ ವೇಗಕ್ಕೆ ಬೇಕಾದ ಶಕ್ತಿ ಎಷ್ಟು ಅಲ್ಪವೆಂದರೆ ಕುಗ್ಗಿದ್ದು ಗೊತ್ತೇ ಆಗುವುದಿಲ್ಲ.

ವಿಶೇಷ ಬೈಕ್ ಬೇಕು, ತೋಳ್ಬಲ ಬೇಕು ಎಂಬ ಆಕ್ಷೇಪ ಇನ್ನೂ ಉಳಿದಿದೆ. ಇಂದಿನ ಟ್ರಯಲ್ಸ್ ಬೈಕ್ 70 ಕಿಲೋ ಆಸುಪಾಸು ತೂಗುತ್ತದೆ, ಸೀಟೇ ಇಲ್ಲ, ಸವಾರನ ಭಾರ ಒಟ್ಟು ಭಾರದ ಅರ್ಧದಷ್ಟಾದ್ದರಿಂದ ಮೈ ಸ್ವಲ್ಪ ಸರಿದರೂ ಬೈಕ್ ಮಾತು ಕೇಳುತ್ತದೆ. ನೂರು ಕಿಲೋ ದಾಟಿದ ಬಾಕ್ಸರ್‌ಗೆ ಮೈಯನ್ನು ಇನ್ನಷ್ಟು ಸರಿಸಬೇಕು, ಅದರ ಹ್ಯಾಂಡಲ್ ತಗ್ಗು, ಹ್ಯಾಂಡಲ್ ತಿರುಗುವ ಕೋನವೂ ಕಡಿಮೆ. ಕಷ್ಟ ಹೆಚ್ಚು ಎಂಬುದು ನಿಜ, ಅಸಾಧ್ಯ ಎಂಬುದು ಸುಳ್ಳು. ಸ್ಯಾಮಿ ಮಿಲ್ಲರ್ 1962 ಮತ್ತು 1964ರಲ್ಲಿ ಸ್ಕಾಟ್ಲೆಂಡಿನ ಆ ಆರು ದಿನಗಳ ಟ್ರಯಲ್ ಗೆದ್ದದ್ದು 500 ಸಿಸಿಯ ಭಾರದ ಏರಿಯಲ್ ಬೈಕಿನಲ್ಲಿ. ಹಗುರ ಬೈಕು ಬಂದದ್ದು ಆಮೇಲೆ. ಬಲದ ಮಾತಿಗೆ, ಮಹಿಳಾ ಟ್ರಯಲ್ಸ್‌ನಲ್ಲಿ 13 ವಿಶ್ವ ಪ್ರಶಸ್ತಿ ಗೆದ್ದು, ಅದೇ ಹಿಡಿತವನ್ನು ಡಕಾರ್ ರ‍್ಯಾಲಿಗೂ ಒಯ್ದ ಲಾಯಾ ಸಾಂಜ್ ಸಾಕು. ಟ್ರಯಲ್ಸ್ ಸವಾರರನ್ನು ಕಣ್ಣು ಮುಚ್ಚಿ ಅನುಸರಿಸಬಾರದ ಸಂಗತಿಯೂ ಒಂದಿದೆ. ಅವರು ಹಿಂದಿನ ಟಯರಿಗೆ 4–5 ಪಿಎಸ್‌ಐ ಮಾತ್ರ ಗಾಳಿ ಇಡುತ್ತಾರೆ. ಅದು ಅದಕ್ಕೆಂದೇ ಮಾಡಿದ ಟಯರು, ರಿಮ್‌ಗಳ ಮಾತು. ಟ್ಯೂಬ್ ಇರುವ ರಸ್ತೆ ಬೈಕಿನಲ್ಲಿ ಹಾಗೆ ಮಾಡಿದರೆ ಟಯರ್ ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತುಬರುತ್ತದೆ.

ರಸ್ತೆಯಲ್ಲಿ ಜೀವ ಹೋಗುವುದು ವೇಗದಿಂದ, ಕುಡಿತದಿಂದ, ಎದುರಿನ ವಾಹನದಿಂದ. ನಿಧಾನದ ಕಸರತ್ತು ಯಾರನ್ನು ಉಳಿಸೀತು ಎಂಬ ಪ್ರಶ್ನೆ ಗಂಭೀರವಾದದ್ದು. ಈ ವಿದ್ಯೆ ಹೆಲ್ಮೆಟ್ಟಿಗೆ ಬದಲಿಯಲ್ಲ, ವೇಗದ ಮಿತಿಗೂ ಬದಲಿಯಲ್ಲ. ಸವಾರನಿಗೂ ಹಿಂದೆ ಕೂತವರಿಗೂ ಹೆಲ್ಮೆಟ್ ಮತ್ತು ಹೊಳೆಯುವ ಜಾಕೆಟ್ ಬೇಕೆಂದು ಕೀನ್ಯಾದ ಕಾನೂನು ಹೇಳುತ್ತದೆ, ಅಭ್ಯಾಸದಲ್ಲಿ ಕಣಕಾಲು ಮುಚ್ಚುವ ಗಟ್ಟಿ ಬೂಟೂ ಬೇಕು. ಆದರೆ ಯೂ ಟರ್ನ್‌ನಲ್ಲಿ, ಇಳಿಜಾರಿನಲ್ಲಿ, ಕೆಸರಿನಲ್ಲಿ, ಹಿಂದೆ ಜನ ಇಲ್ಲವೇ ಗ್ಯಾಸ್ ಸಿಲಿಂಡರ್ ಹೇರಿಕೊಂಡಾಗ ಆಗುವ ಬೀಳುವಿಕೆಗೆ ಮದ್ದು ಇದೊಂದೇ. ಹಿಂದೆ ಜನ ಕೂತಿರುವಾಗ ಎದ್ದು ನಿಲ್ಲಲಾಗದು, ನಿಲ್ಲಬಾರದು. ನಿಂತು ಕಲಿತ ಕ್ಲಚ್, ಬ್ರೇಕ್, ಕಣ್ಣು ಆಗಲೂ ಜೊತೆಗಿರುತ್ತವೆ. ಅಭ್ಯಾಸಕ್ಕೆ ಬೇಕಾದದ್ದು ವಾಹನವಿಲ್ಲದ ಒಂದು ಸಮತಟ್ಟು ಜಾಗ, ನಡುವೆ ಇಡಲು ಒಂದು ಕಲ್ಲು. ನೈರೋಬಿಯ ಕರೂರಾ ಕಾಡಿನ ದಾರಿಗಳು ನಡೆಯುವವರಿಗೂ ಸೈಕಲ್ಲಿಗೂ ಇರುವಂಥವು, ಅಲ್ಲಿಗೆ ಬೈಕ್ ಒಯ್ಯಬೇಡಿ. ಬೈಕ್ ಇಲ್ಲದವರು ಇದೇ ಸುತ್ತನ್ನು ಅಲ್ಲಿ ಸೈಕಲ್ಲಿನಲ್ಲಿ ಕಲಿಯಬಹುದು. ದೊಡ್ಡ ಸುತ್ತಿನಿಂದ ಶುರು ಮಾಡಿ, ಚಿಕ್ಕದಾಗಿಸುತ್ತ ಹೋಗಿ, ಆಮೇಲೆ ಎಂಟರ ಆಕಾರ. ಮಕ್ಕಳಿಗೋ ತಮ್ಮನಿಗೋ ತಂಗಿಗೋ ಬೈಕ್ ಕಲಿಸುವವರಲ್ಲಿ ಒಂದು ಕೋರಿಕೆ: ಎಡಕ್ಕೂ ಬಲಕ್ಕೂ ಕಾಲೂರದೆ ಎಂಟು ಬರೆಯಲು ಬರುವ ತನಕ ಅವರನ್ನು ರಸ್ತೆಗೆ ಇಳಿಸಬೇಡಿ.