ಚರ್ಮದ ಮೇಲೆ ಉಬ್ಬಚ್ಚು: ಫಲಕ ಮಾಡಿಸುವ ಮುನ್ನ

2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ವ್ಯಾಪ್ತಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿವೆ. ಚಪ್ಪಲಿಯ ಮೇಲೆ ತಮ್ಮ ಗುರುತು ಮೂಡಿಸಲು ಕುಶಲಕರ್ಮಿಗಳು ಲೋಹದ ಅಚ್ಚಿನ ಫಲಕಕ್ಕೆ ನೆರವು ಕೋರಿದಾಗ, ಚರ್ಮ ಯಾವ ಹದದ್ದೆಂದು ಸದಸ್ಯರು ಮೊದಲು ವಿಚಾರಿಸುವುದು ಅಗತ್ಯ. ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದಗೊಂಡ ಚರ್ಮವು ತೇವದಲ್ಲಿ ಮೆತ್ತಗಾಗಿ, ಒತ್ತಿದ ಗುರುತನ್ನು ಒಣಗಿದ ಮೇಲೂ ಉಳಿಸಿಕೊಳ್ಳುತ್ತದೆ. ಕ್ರೋಮ್ ಹದದ ಚರ್ಮದಲ್ಲಿ ಅದು ಬಹುಮಟ್ಟಿಗೆ ಮಾಸಿಹೋಗುತ್ತದೆ; ಫಲಕದ ಹಣ ವ್ಯರ್ಥ.

ಅಕ್ಷರಗಳನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಕೆತ್ತಿಸಬೇಕು. ಕನ್ನಡದ ಒತ್ತಕ್ಷರಗಳು ಸಣ್ಣ ಅಳತೆಯಲ್ಲಿ ಒಂದಕ್ಕೊಂದು ಕೂಡಿಕೊಳ್ಳುವುದರಿಂದ, ಅದೇ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ ನೋಡುವುದು ಒಳಿತು. ಕೆತ್ತಿದ ತಪ್ಪನ್ನು ತಿದ್ದುವುದು ಕಷ್ಟ. ಹಿತ್ತಾಳೆಯ ಫಲಕ ಬಹುಕಾಲ ಬಾಳುತ್ತದೆ. ಕಬ್ಬಿಣ ಬೇಡ: ಅದು ಒದ್ದೆ ಚರ್ಮಕ್ಕೆ ತಾಗಿದರೆ ತೊಗಟೆಯ ಒಗರಿನೊಡನೆ ಸೇರಿ ಕಪ್ಪು ಕಲೆಯಾಗುತ್ತದೆ.

ಚರ್ಮವನ್ನು ಸ್ಪಂಜಿನಿಂದ ತೇವಗೊಳಿಸಿ, ಅದರ ಮೂಲ ಬಣ್ಣ ಮರಳತೊಡಗಿದಾಗ ಫಲಕವಿಟ್ಟು ಒತ್ತುಯಂತ್ರದಲ್ಲಿ ಸಮನಾಗಿ ಒತ್ತಬೇಕು. ಸುತ್ತಿಗೆಯಿಂದ ಹೊಡೆದರೆ ಒಂದು ಬದಿ ಆಳವಾಗಿ, ಇನ್ನೊಂದು ಬದಿ ತೆಳುವಾಗಿ ಮೂಡುವುದುಂಟು.

ಫಲಕದಲ್ಲಿ ‘ಕೊಲ್ಹಾಪುರಿ’ ಎಂಬ ಹೆಸರನ್ನೇ ಕೆತ್ತಿಸುವುದಾದರೆ, ಕುಶಲಕರ್ಮಿಯು ಅದಕ್ಕೂ ಮೊದಲು ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರತಕ್ಕದ್ದು.