ಸ್ಟಾರ್ ಕ್ಲಬ್ಬಿನ ಧ್ವನಿಸುರುಳಿ

ಮನೆಬಳಕೆಯ ಒಂದು ಗ್ರುಂಡಿಗ್ ಟೇಪ್ ರೆಕಾರ್ಡರ್, ವೇದಿಕೆಯ ಮುಂದೆ ಇಟ್ಟ ಒಂದೇ ಒಂದು ಮೈಕು. 1962ರ ಡಿಸೆಂಬರ್ ಕೊನೆಯ ದಿನಗಳಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ಸ್ಟಾರ್ ಕ್ಲಬ್ಬಿನಲ್ಲಿ ಬೀಟಲ್ಸ್ ತಂಡದ ಹಾಡುಗಾರಿಕೆಯನ್ನು ಹಿಡಿದಿಟ್ಟ ಸಲಕರಣೆ ಇಷ್ಟೇ. ಕ್ಲಬ್ಬಿನ ವೇದಿಕೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಏಡ್ರಿಯನ್ ಬಾರ್ಬರ್ ಇದನ್ನು ಮುದ್ರಿಸಿದ್ದು ಲಿವರ್‌ಪೂಲಿನ ಇನ್ನೊಬ್ಬ ಗಾಯಕ ಟೆಡ್ ಟೇಲರ್ ಅವರಿಗಾಗಿ. ಬೀರ್ ಕೊಡಿಸಿದರೆ ಸಾಕು, ಮುದ್ರಿಸಿಕೊಳ್ಳಿ ಎಂದು ತಂಡದ ಜಾನ್ ಲೆನನ್ ಒಪ್ಪಿದ್ದರೆಂಬುದು ಟೇಲರ್ ಮುಂದೆ ಕೊಟ್ಟ ವಿವರಣೆ. ಈ ಬಾಯಿಮಾತಿನ ಒಪ್ಪಂದ ಮೂರೂವರೆ ದಶಕಗಳ ಬಳಿಕ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿತು.

ಹ್ಯಾಂಬರ್ಗ್ ಬಂದರು ನಗರ. ನಾವಿಕರು ರಾತ್ರಿ ಕಳೆಯಲು ಬರುತ್ತಿದ್ದ ಸೇಂಟ್ ಪೌಲಿ ಬಡಾವಣೆಯ ಕ್ಲಬ್ಬುಗಳು ಬೀಟಲ್ಸ್‌ಗೆ ಹೊಸವೇನಲ್ಲ. 1960ರ ಆಗಸ್ಟಿನಲ್ಲಿ ಇಂದ್ರ ಎಂಬ ಸಣ್ಣ ಕ್ಲಬ್ಬಿನಿಂದ ಅವರ ದುಡಿಮೆ ಇಲ್ಲಿ ಶುರುವಾಗಿತ್ತು. ದಿನವೂ ಗಂಟೆಗಟ್ಟಲೆ ನುಡಿಸಬೇಕು, ಗಿರಾಕಿಗಳು ಎದ್ದು ಹೋಗದಂತೆ ಕುಣಿಯಬೇಕು, ಕೂಗಬೇಕು. ಹಾಡುಗಳು ಮುಗಿದುಹೋದರೆ ಹೊಸದನ್ನು ಕಲಿಯಬೇಕು, ಇಲ್ಲವೇ ಇದ್ದುದನ್ನೇ ಹಿಗ್ಗಿಸಬೇಕು. ಈ ಎರಡು ವರ್ಷಗಳ ದುಡಿಮೆಯ ಫಲ ಹೇಗಿತ್ತೆಂಬುದು ಆ ಸುರುಳಿಯಲ್ಲಿದೆ. 1962ರ ಡಿಸೆಂಬರ್ 18ರಿಂದ 31ರವರೆಗಿನದು ಹ್ಯಾಂಬರ್ಗಿನಲ್ಲಿ ಅವರ ಐದನೆಯ ಮತ್ತು ಕೊನೆಯ ಕ್ಲಬ್ ಸರದಿ. ಅಷ್ಟರಲ್ಲಿ ಡ್ರಮ್ಸ್ ಮುಂದೆ ರಿಂಗೋ ಸ್ಟಾರ್ ಬಂದು ಕೂತಿದ್ದರು. ‘ಲವ್ ಮಿ ಡೂ’ ಇಂಗ್ಲೆಂಡಿನಲ್ಲಿ 17ನೆಯ ಸ್ಥಾನಕ್ಕೇರಿತ್ತು. ಊರಲ್ಲಿ ಹೆಸರು ಬರುತ್ತಿರುವಾಗ ಹ್ಯಾಂಬರ್ಗಿಗೆ ಹೋಗಲು ಅವರಿಗೆ ಮನಸ್ಸಿರಲಿಲ್ಲ. ಆದರೆ ಕರಾರು ಮೊದಲೇ ಆಗಿಹೋಗಿತ್ತು.

ಧ್ವನಿಯ ಗುಣಮಟ್ಟ ಕಳಪೆ. ಕಾರಣವೂ ಸರಳ. ಸ್ಟುಡಿಯೋಗಳಲ್ಲಿ ಟೇಪು ಸೆಕೆಂಡಿಗೆ 15 ಇಂಚು, ಅಂದರೆ 38 ಸೆಂಟಿಮೀಟರ್ ವೇಗದಲ್ಲಿ ಓಡುತ್ತಿತ್ತು. ಈ ಯಂತ್ರದಲ್ಲಿ ಓಡಿದ್ದು ಮೂರೂಮುಕ್ಕಾಲು ಇಂಚು. ಟೇಪು ನಿಧಾನವಾದಷ್ಟೂ ಮೇಲಿನ ಸ್ವರಗಳ ಹೊಳಪು ಕಳೆದುಹೋಗುತ್ತದೆ, ಸದ್ದಿನ ಕಲಬೆರಕೆ ಹೆಚ್ಚುತ್ತದೆ. ಗಿಟಾರ್, ಡ್ರಮ್ಸ್, ಗಾಯನ ಎಲ್ಲವೂ ಒಂದೇ ಮೈಕಿಗೆ ಬಂದು ಬಿದ್ದವು. ಗಿಟಾರು ಅಬ್ಬರಿಸುತ್ತದೆ, ಗಾಯಕರ ದನಿ ಎಷ್ಟೋ ಕಡೆ ಹಿಂದಿನ ಕೋಣೆಯಿಂದ ಬಂದಂತಿದೆ.

ಆದರೂ ಕೇಳಬೇಕಾದದ್ದು ಅದರಲ್ಲಿ ಬೇಕಾದಷ್ಟಿದೆ. ಹಾಡುಗಳೆಲ್ಲ ಸ್ಟುಡಿಯೋದಲ್ಲಿ ಹಾಡಿದ್ದಕ್ಕಿಂತ ಬಿರುಸು. ಚಕ್ ಬೆರ್ರಿಯ ‘ರೋಲ್ ಓವರ್ ಬೀಥೋವನ್’ ಓಡಿಬರುತ್ತದೆ. ರಿಂಗೋ ಕೈ ಎಲ್ಲೂ ಸಡಿಲವಾಗುವುದಿಲ್ಲ. ಬೆನ್ನಿಗೇ ಮೆಕ್ಸಿಕೋದ ‘ಬೆಸಾಮೆ ಮೂಚೊ’ ಬರುತ್ತದೆ, ಜರ್ಮನ್ ಕೇಳುಗರಿಗೆಂದು ಮಾರ್ಲೀನ್ ಡೀಟ್ರಿಕ್ ಪ್ರಸಿದ್ಧಗೊಳಿಸಿದ ಹಾಡೂ ಬರುತ್ತದೆ. ಎರಡು ಹಾಡುಗಳಿಗೆ ಕ್ಲಬ್ಬಿನವರೇ ಆದ ಹೋರ್ಸ್ಟ್ ಫಾಶರ್ ಮತ್ತು ಅವರ ತಮ್ಮ ಫ್ರೆಡ್ ದನಿಗೂಡಿಸಿದ್ದಾರೆ. ಹಾಡಿನ ನಡುವೆ ಲೆನನ್ ಕೇಳುಗರನ್ನು ಕೆಣಕುತ್ತಾರೆ. ಲೆನನ್ ಮತ್ತು ತಂಡದ ಜೊತೆಗಾರ ಮೆಕಾರ್ಟ್ನಿ ಅವರ ಸ್ವಂತ ರಚನೆಗಳು ಸಿಗುವುದು ಎರಡೇ: ‘ಐ ಸಾ ಹರ್ ಸ್ಟ್ಯಾಂಡಿಂಗ್ ದೇರ್’ ಮತ್ತು ‘ಆಸ್ಕ್ ಮಿ ವೈ’. ಉಳಿದವೆಲ್ಲ ಬೇರೆಯವರ ಹಾಡುಗಳು.

ಈ ಸುರುಳಿಯ ಬೆಲೆ ಗೊತ್ತಾಗುವುದು ಮುಂದಿನ ಆಲ್ಬಮ್ಮಿನ ಪಕ್ಕದಲ್ಲಿಟ್ಟು ಕೇಳಿದಾಗ. 1963ರ ಫೆಬ್ರವರಿ 11ರಂದು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ತಂಡದ ಮೊದಲ ಆಲ್ಬಮ್ಮಿಗೆ ಬೇಕಿದ್ದ ಹತ್ತು ಹಾಡುಗಳನ್ನು ಒಂದೇ ದಿನದಲ್ಲಿ ಮುಗಿಸಿದರು. ಇದನ್ನು ಪವಾಡವೆಂಬಂತೆ ಬಣ್ಣಿಸುವವರು ಸ್ಟಾರ್ ಕ್ಲಬ್ಬಿನ ಮುದ್ರಣವನ್ನು ಕೇಳಬೇಕು. ನೆಗಡಿಯಾಗಿದ್ದ ಲೆನನ್ ಆ ರಾತ್ರಿ ಗಂಟಲು ಹರಿಯುವಂತೆ ಹಾಡಿದ ‘ಟ್ವಿಸ್ಟ್ ಅಂಡ್ ಶೌಟ್’ ಆರು ವಾರಗಳ ಹಿಂದೆಯೇ ಹ್ಯಾಂಬರ್ಗಿನಲ್ಲಿ ಹದಗೊಂಡಿತ್ತು. ಮಾರ್ಟಿನ್ ಅವರ ಕೈಗೆ ಸಿಕ್ಕಿದ್ದು ರಾತ್ರಿಪಾಳಿಗೆ ಒಗ್ಗಿಹೋಗಿದ್ದ ತಂಡ.

ಟೇಲರ್ ಸುರುಳಿಯನ್ನು ಬೀಟಲ್ಸ್ ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೀನ್‌ಗೆ ತೋರಿಸಿದ್ದುಂಟು. ಅವರು ಕೊಡಲು ಮುಂದಾದದ್ದು ಬರಿಯ 20 ಪೌಂಡ್ ಎಂದು ಟೇಲರ್ ಹೇಳಿದ್ದಾರೆ. ತಂಡದ ಮೊದಲ ವ್ಯವಸ್ಥಾಪಕ ಅಲನ್ ವಿಲಿಯಮ್ಸ್ ಮುತುವರ್ಜಿಯಿಂದ ಅದು ಎಪ್ಪತ್ತರ ದಶಕದಲ್ಲಿ ಮತ್ತೆ ಹೊರಬಂತು. ಸದ್ದನ್ನು ಆದಷ್ಟು ತಿದ್ದಿ, ಲಿಂಗಾಸಾಂಗ್ ಕಂಪನಿ 1977ರಲ್ಲಿ 26 ಹಾಡುಗಳ ಜೋಡಿ ಎಲ್‌ಪಿ ಮಾರಾಟಕ್ಕೆ ತಂದಿತು.

ಅದೇ ವರ್ಷ ಮೇ ತಿಂಗಳಲ್ಲಿ ತಂಡದ ಅಧಿಕೃತ ಲೈವ್ ಆಲ್ಬಮ್ ಕೂಡ ಬಿಡುಗಡೆಯಾಯಿತು: ಅಮೆರಿಕದ ಹಾಲಿವುಡ್ ಬೌಲ್‌ನಲ್ಲಿ 1964 ಮತ್ತು 1965ರಲ್ಲಿ ಮೂರು ಟ್ರ್ಯಾಕ್ ಯಂತ್ರದಲ್ಲಿ ಮುದ್ರಿಸಿದ್ದು. ಸಲಕರಣೆ ಎಷ್ಟೋ ಮೇಲು. ಆದರೆ ಸಾವಿರಾರು ಜನರ ಕಿರುಚಾಟ ಹಾಡಿನುದ್ದಕ್ಕೂ ತುಂಬಿಕೊಂಡಿದೆ. ತಾವು ನುಡಿಸುತ್ತಿರುವುದು ಸಂಗೀತಗಾರರಿಗೇ ಸರಿಯಾಗಿ ಕೇಳುತ್ತಿರಲಿಲ್ಲ. ಸ್ಟಾರ್ ಕ್ಲಬ್ಬಿನಲ್ಲಿ ಅಂಥ ಗದ್ದಲವಿಲ್ಲ. ನಾಲ್ವರೂ ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸುತ್ತಿದ್ದಾರೆ, ಎದುರಿನವರೊಡನೆ ಮಾತಾಡುತ್ತಿದ್ದಾರೆ. ಬೀಟಲ್ಸ್ ವೇದಿಕೆಯ ಮೇಲೆ ಎಂಥ ತಂಡವಾಗಿತ್ತೆಂದು ತಿಳಿಯಬೇಕಾದರೆ ಈ ಕಳಪೆ ಸುರುಳಿಯೇ ಹೆಚ್ಚು ನಂಬಲರ್ಹ.

ಮುದ್ರಣ ಎಂದು ನಡೆಯಿತೆಂಬುದೂ ವಿವಾದವಾಯಿತು. ಬೀಟಲ್ಸ್ ರೆಕಾರ್ಡ್ ಕಂಪನಿ ಇಎಂಐ ಜೊತೆ ಕರಾರಿಗೆ ಬಂದದ್ದು 1962ರ ಜೂನ್‌ನಲ್ಲಿ. ಅದಕ್ಕೂ ಮೊದಲಿನ ಮುದ್ರಣವೆಂದಾದರೆ ಮಾರುವವರಿಗೆ ಅಡ್ಡಿ ಕಡಿಮೆ. ಹಾಗಾಗಿ 1962ರ ಮೊದಲ ಭಾಗದ್ದೆಂಬ ವಾದ ಬಂತು. ಆದರೆ ಹಾಡುಗಳ ಆಯ್ಕೆ, ನಡುನಡುವಿನ ಮಾತು, ಡ್ರಮ್ಸ್‌ನಲ್ಲಿ ರಿಂಗೋ ಇರುವುದು, ಎಲ್ಲವೂ ಡಿಸೆಂಬರಿನತ್ತಲೇ ಕೈತೋರಿದವು. ಮಾರಾಟದ ವಿರುದ್ಧ ಬೀಟಲ್ಸ್ ಹೂಡಿದ ಮೊಕದ್ದಮೆಯಲ್ಲಿ, 1998ರಲ್ಲಿ, ತಂಡದ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ತಾವೇ ನ್ಯಾಯಾಲಯಕ್ಕೆ ಬಂದು, ಒಬ್ಬ ಕುಡುಕ ಇನ್ನಷ್ಟು ಕುಡುಕರನ್ನು ಮುದ್ರಿಸಿಕೊಂಡರೆ ಅದು ವ್ಯವಹಾರವಾಗುವುದಿಲ್ಲವೆಂಬ ಅರ್ಥದ ಸಾಕ್ಷ್ಯ ನುಡಿದರು. ತಮ್ಮ ಹೆಸರಲ್ಲಿ ಬಂದ ಮುದ್ರಣಗಳಲ್ಲೆಲ್ಲ ಇದೇ ಅತಿ ಕೆಟ್ಟದ್ದೆಂದೂ ಹೇಳಿದರು. ಲಿಂಗಾಸಾಂಗ್ ಸುರುಳಿಗಳನ್ನು ಒಪ್ಪಿಸಿ ಮಾರಾಟ ನಿಲ್ಲಿಸಬೇಕಾಯಿತು. ಬೀಟಲ್ಸ್ ಗೆದ್ದದ್ದು ನ್ಯಾಯವೇ. ಆದರೆ ಸುರುಳಿ ಕೈಗೆ ಬಂದ ಮೇಲೆ ಅದನ್ನು ಈ ಕಾಲದ ತಂತ್ರಜ್ಞಾನದಿಂದ ಶುಚಿಗೊಳಿಸಿ, ಸರಿಯಾದ ದಿನಾಂಕ ಮತ್ತು ಟಿಪ್ಪಣಿಗಳೊಂದಿಗೆ ಕೇಳುಗರಿಗೆ ಕೊಡುವ ಕೆಲಸವೂ ಆಗಬೇಕಿತ್ತು.