ಉಸಿರು ತುಂಡಾಗದ ನಾದ

ಕೊಡಗಿನವರಿಗೆ ಶನಿವಾರಸಂತೆ ಎಂದರೆ ಕಾಫಿ, ಕಾಳುಮೆಣಸು, ವಾರದ ಸಂತೆ, ಹಾಸನ ಜಿಲ್ಲೆಯ ಗಡಿ. ಹೊರಗಿನವರಿಗೆ ಅದು ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪ ಹುಟ್ಟಿದ ಊರು. 1899ರ ಜನವರಿ 28ರಂದು ಇಲ್ಲಿ ಕಣ್ಣುಬಿಟ್ಟ ಮಗು 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕನಾದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಅವರ ಇನ್ನೊಂದು ಕೆಲಸವನ್ನು ನೆನೆಯುವವರು ಕಡಿಮೆ. ಸೇನೆಯ ವಾದ್ಯಗಾರರನ್ನು ತಯಾರು ಮಾಡಲು 1950ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಪಚ್ಮಢಿಯಲ್ಲಿ ಆರಂಭವಾದ ಸಂಗೀತ ವಿಭಾಗ ಅವರ ಆಶ್ರಯದಲ್ಲೇ ನೆಲೆ ಕಂಡಿತು. ಬಂದೂಕಿನಷ್ಟೇ ವಾದ್ಯವೂ ಸೈನಿಕನಿಗೆ ಬೇಕು ಎಂದು ಬಲ್ಲ ದಂಡನಾಯಕ ಅವರು.

ಬ್ರಿಟಿಷರು ಹೋದರೂ ನಮ್ಮ ಸೇನೆಯಿಂದ ಸ್ಕಾಟ್ಲೆಂಡಿನ ಸೈನಿಕರು ತಂದ ಬ್ಯಾಗ್‌ಪೈಪ್ ಹೋಗಲಿಲ್ಲ. ಗೂರ್ಖಾ, ಗಢವಾಲಿ, ಸಿಖ್ ದಳಗಳು ಅದನ್ನು ತಮ್ಮದಾಗಿಸಿಕೊಂಡಿದ್ದವು. ಅದರ ಕಟ್ಟು ವಿಚಿತ್ರ. ಕಂಕುಳಲ್ಲಿ ಅವುಚಿಕೊಂಡ ಗಾಳಿಚೀಲ, ಬೆರಳಾಡಿಸಲು ಒಂದು ಕೊಳವೆ, ಹೆಗಲ ಮೇಲೆ ಒಂದೇ ಸ್ವರ ಹಿಡಿದು ಮೊರೆಯುವ ಮೂರು ಕೊಳವೆಗಳು. ಸಿಗುವುದು ಒಂಬತ್ತೇ ಸ್ವರ. ದನಿ ಏರಿಸಲಾಗದು, ತಗ್ಗಿಸಲಾಗದು. ವಾದಕ ಉಸಿರೆಳೆದುಕೊಳ್ಳುವಾಗ ತೋಳು ಚೀಲವನ್ನು ಒತ್ತುತ್ತದೆ, ನಾದ ನಿಲ್ಲುವುದಿಲ್ಲ. ಒಂದೇ ಸ್ವರ ಎರಡು ಸಲ ಬರಬೇಕಾದರೆ ನಡುವೆ ಮೌನ ಇಡುವಂತಿಲ್ಲ, ಮಿಂಚಿ ಮರೆಯಾಗುವ ಇನ್ನೊಂದು ಸ್ವರದಿಂದ ಕತ್ತರಿಸಬೇಕು. ಇಷ್ಟು ಕಟ್ಟಿಹಾಕಿದ ವಾದ್ಯ ಕೇಳುವವರನ್ನು ಹೇಗೆ ಅಳಿಸುತ್ತದೆ?

ನನಗನ್ನಿಸುವುದು, ಆ ಕಟ್ಟಿನಿಂದಲೇ ಅಳಿಸುತ್ತದೆ. ದನಿ ತಗ್ಗಿಸಿ ಕರುಣೆ ಬೇಡುವ ದಾರಿ ಅದಕ್ಕಿಲ್ಲ. ದುಃಖವನ್ನೂ ತಲೆಯೆತ್ತಿ, ಬಯಲಿಗೆಲ್ಲ ಕೇಳುವಂತೆ ಹೇಳಬೇಕು. ಕೆಳಗೆ ಮೊರೆಯುವ ಸ್ವರವಂತೂ ನಮ್ಮ ಕಿವಿಗೆ ಹೊಸದಲ್ಲ. ನಾಗಸ್ವರದ ಪಕ್ಕದ ಒತ್ತು, ಹಾರ್ಮೋನಿಯಂ ಬರುವ ಮೊದಲು ಯಕ್ಷಗಾನಕ್ಕೆ ಶ್ರುತಿ ಹಿಡಿಯುತ್ತಿದ್ದ ಪುಂಗಿ ಮಾಡುತ್ತಿದ್ದುದೂ ಇದನ್ನೇ. ಅದರ ಮೇಲೆ ಡ್ರಮ್ಮಿನ ಪೆಟ್ಟು ಬಿದ್ದಾಗ ಸಂಗೀತ ಕಿವಿಯಿಂದ ಕಾಲಿಗಿಳಿಯುತ್ತದೆ. ದೊಡ್ಡ ಡ್ರಮ್ಮಿನ ಗುಡುಗನ್ನು ಎದೆಗೂಡೇ ಮೊದಲು ಕೇಳಿಸಿಕೊಳ್ಳುತ್ತದೆ.

ಇದನ್ನು ಕೊಡಗಿನವರಿಗೆ ಯಾರೂ ವಿವರಿಸಬೇಕಿಲ್ಲ. ಇಲ್ಲಿ ವಾಲಗವಿದೆ. ಕೊಳಲಿನಂತೆ ಮೆತ್ತಗಿನ ದನಿಯಲ್ಲ ಅದರದು, ಚುಚ್ಚಿಕೊಂಡು ಬರುವ ದನಿ. ಜೊತೆಗೆ ಡೋಲು, ಬಾಗಿದ ಕೊಂಬು. ಕೊಡವರ ಮದುವೆಯಲ್ಲಿ ಅದು ಶುರುವಾದರೆ ಅಜ್ಜಿಯೂ ಮೊಮ್ಮಗನೂ ಒಂದೇ ಅಂಗಳದಲ್ಲಿ ಕೈ ಬೀಸಿ ಕುಣಿಯುವ ವಾಲಗತ್ತಾಟ್‌ಗೆ ಇಳಿಯುತ್ತಾರೆ. ಅದೇ ಮನೆಯಲ್ಲಿ ಸಾವಾದರೆ ಎರಡು ಗುಂಡಿನ ಸದ್ದು ಊರಿಗೆ ಸುದ್ದಿ ಮುಟ್ಟಿಸುತ್ತದೆ, ಮತ್ತೆ ವಾಲಗ ಬರುತ್ತದೆ. ಬಾರಿಸುವವರು ಅವರೇ, ವಾದ್ಯವೂ ಅದೇ. ನಡೆ ಬದಲಾಗಿರುತ್ತದೆ, ಅಷ್ಟೆ. ಮದುವೆಯಲ್ಲಿ ಕುಣಿದ ಕಾಲು ಅದೇ ನಾದದ ಹಿಂದೆ ಹೆಣ ಹೊತ್ತು ನಡೆಯುವಾಗ, ಆ ಮನುಷ್ಯನ ಇಡೀ ಬದುಕು ಒಮ್ಮೆಗೇ ಕಣ್ಣ ಮುಂದೆ ನಿಲ್ಲುತ್ತದೆ. ಬೇರೆ ಯಾವ ಸಂಗೀತವೂ ನನ್ನನ್ನು ಹೀಗೆ ಅಲುಗಾಡಿಸಿಲ್ಲ.

ಶನಿವಾರಸಂತೆಯ ಸುತ್ತಮುತ್ತ ಕೊಡವರಿಗಿಂತ ಒಕ್ಕಲಿಗರು, ಲಿಂಗಾಯತರು ಹೆಚ್ಚು. ಇಲ್ಲಿ ಸುಗ್ಗಿಯೇ ದೊಡ್ಡ ಹಬ್ಬ. ಸೋಮವಾರಪೇಟೆ ಕಡೆಯ ಕೂತಿನಾಡಿನಲ್ಲಿ ಸಬ್ಬಮ್ಮ ದೇವಿಯ ಸುಗ್ಗಿಗೆ ಊರೂರಿನವರು ಸೇರುತ್ತಾರೆ. ಜಾತಿ, ಭಾಷೆ ಬೇರೆಯಾದರೂ ಡೋಲಿಗೆ ಕಾಲು ಹಾಕುವ ರೀತಿಯಲ್ಲಿ ಕೊಡವರೊಂದಿಗೆ ನಂಟು ಕಾಣುತ್ತದೆ.

ಆದರೆ ಮನಸ್ಸಿಗೆ ನೋವಾಗುವ ಒಂದು ಮಾತನ್ನು ಹೇಳಲೇಬೇಕು. ಸೇನೆಯ ಪೈಪ್ ವಾದಕನಿಗೆ ಸಮವಸ್ತ್ರವಿದೆ, ತರಬೇತಿ ಇದೆ, ಸಂಬಳವಿದೆ, ಪಿಂಚಣಿ ಇದೆ. ಕೊಡವರ ವಾಲಗವನ್ನು ತಲೆಮಾರುಗಳಿಂದ ಊದಿದವರು ಕೆಂಬಟ್ಟಿ ಸಮುದಾಯದವರು, ಪರೆ ಎಂಬ ಚರ್ಮವಾದ್ಯ ಬಾರಿಸಿದವರು ಮೇದರು. ಅವರಿಲ್ಲದೆ ಮದುವೆಯೂ ಆಗುತ್ತಿರಲಿಲ್ಲ, ಸಾವಿಗೂ ಮರ್ಯಾದೆ ಸಿಗುತ್ತಿರಲಿಲ್ಲ. ಆದರೂ ಅವರ ಜಾಗ ಅಂಗಳದಾಚೆಗೇ ಇತ್ತು. ನಮ್ಮ ಸಂತೋಷಕ್ಕೂ ಸಂಕಟಕ್ಕೂ ದನಿ ಕೊಟ್ಟವರನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ್ದು ಸಣ್ಣ ತಪ್ಪಲ್ಲ.

1993ರ ಮೇ ತಿಂಗಳಲ್ಲಿ ಕಾರ್ಯಪ್ಪನವರು ತೀರಿಕೊಂಡಾಗ ಮಡಿಕೇರಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಸೇನೆಯ ಮೂರೂ ದಳಗಳ ಮುಖ್ಯಸ್ಥರು, ಫೀಲ್ಡ್ ಮಾರ್ಷಲ್ ಮಾಣೆಕ್ ಶಾ ಬಂದಿದ್ದರು. ಸೈನಿಕನಿಗೆ ಅಂಥ ಬೀಳ್ಕೊಡುಗೆ ಸಲ್ಲಬೇಕಾದದ್ದೇ. ಊರಿನ ಸಾಮಾನ್ಯನಿಗೆ ಅಷ್ಟೇ ಘನತೆಯ ಬೀಳ್ಕೊಡುಗೆಯನ್ನು ವಾಲಗದವರು ಕೊಡುತ್ತಲೇ ಬಂದಿದ್ದಾರೆ.

ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿ, ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್‌ಗಳ ಪದಗಳನ್ನು ಉಳಿಸಿಕೊಟ್ಟರು. ವಾಲಗಕ್ಕೆ ಪದಗಳಿಲ್ಲ. ಅದು ಊದುವವರ ಬೆರಳಲ್ಲೇ ಇದೆ, ಅಪ್ಪನಿಂದ ಮಗನಿಗೆ ದಾಟಬೇಕು. ಮಗನಿಗೆ ಅದರಲ್ಲಿ ಗೌರವವೂ ಅನ್ನವೂ ಕಾಣದಿದ್ದರೆ ಅವನು ತೋಟದ ಕೂಲಿಗೋ ಪೇಟೆಗೋ ಹೋದರೆ ತಪ್ಪೇನು? ಸೇನೆಗೆ ಪಚ್ಮಢಿ ಬೇಕೆಂದು ಕಂಡವರು ಈ ಜಿಲ್ಲೆಯವರು. ವಾಲಗದ ಹಿರಿಯರನ್ನೇ ಗುರುಗಳಾಗಿ ಕೂರಿಸಿ, ತಿಂಗಳ ಸಂಬಳ ಕೊಟ್ಟು, ಯಾವ ಜಾತಿಯ ಮಗು ಬಂದರೂ ಕಲಿಸುವ ಒಂದು ಶಾಲೆ ಕೊಡಗಿನಲ್ಲಿ ಆಗಬೇಕು. ಶನಿವಾರಸಂತೆಯಲ್ಲೇ ಆದರೆ ಇನ್ನೂ ಒಳ್ಳೆಯದು.